ರೆಪ್ಪೆಯ ಒಳಗಿನ ಕೆಂಪು

ಬಸ್ಸಿನಲ್ಲಿ ಅವಳ ಪಕ್ಕಕ್ಕೆ ನಿಂತಿದ್ದ ಹೆಂಗಸು ಸರಳು ಹಿಡಿದ ಕೈ ತೆಗೆದು ಕತ್ತಿನ ಬೆವರು ಒರೆಸಿಕೊಂಡಾಗ ಅಂಗೈ ಕಂಡಿತು. ಎಂಟೂವರೆ, ಹೆಚ್ಚೆಂದರೆ ಒಂಬತ್ತು, ಅಂದುಕೊಂಡಳು ಅವಳು. ಕಿಟಕಿ ಪಕ್ಕದ ಮುದುಕನಿಗೆ ಹನ್ನೆರಡಿರಬಹುದು. ಕಂಡಕ್ಟರನ ತುಟಿ ಸಿಗರೇಟಿನಿಂದ ಕಪ್ಪಾಗಿದೆ, ಅವನದನ್ನು ಉಗುರು ನೋಡದೆ ಹೇಳಲಾಗುವುದಿಲ್ಲ. ಇದು ಅವಳಿಗೆ ಅಂಟಿಕೊಂಡ ಚಾಳಿ. ಜನರ ಮುಖ ಅವಳಿಗೆ ನೆನಪಿರುವುದಿಲ್ಲ. ಅಂಗೈ, ಉಗುರು, ಕಣ್ಣಿನ ಕೆಳರೆಪ್ಪೆಯ ಒಳಗಿನ ಬಣ್ಣ ನೆನಪಿರುತ್ತವೆ. ಆಪರೇಷನ್ನಿಗೆ ಮುಂಚೆ ರೋಗಿಯ ಮೈಯಲ್ಲಿ ರಕ್ತ ಎಷ್ಟಿದೆ, ಅರಿವಳಿಕೆ ಕೊಟ್ಟರೆ ತಡೆದೀತೇ, ಕತ್ತರಿಸಿದರೆ ಬದುಕೀತೇ ಎಂದು ನೋಡಿ ಹೂಂ ಇಲ್ಲವೇ ಊಹೂಂ ಅನ್ನುವುದು ಅವಳ ಕೆಲಸ. ಹಿಮೋಗ್ಲೋಬಿನ್ ಹತ್ತು ದಾಟದವರಿಗೆ ಊಹೂಂ. ಕಬ್ಬಿಣದ ಮಾತ್ರೆ ಬರೆದು, ತೀರ ಕಡಿಮೆಯಿದ್ದರೆ ಕಬ್ಬಿಣವನ್ನು ನೇರ ನರಕ್ಕೇ ಹನಿಸಿ, ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಿ, ಮುಂದಿನ ವಾರ ಬನ್ನಿ ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ಅವಳಿಗೆ ‘ಮುಂದಿನ ವಾರ’ ಎಂದೇ ಹೆಸರು. ಮುಂದಿನ ವಾರ ಬಂದ್ರಾ, ಮುಂದಿನ ವಾರ ಊಟಕ್ಕೆ ಹೋದ್ರಾ ಎಂದು ವಾರ್ಡಿನವರು ಕೇಳಿಕೊಳ್ಳುವುದು ಅವಳ ಕಿವಿಗೂ ಬಿದ್ದಿದೆ. ಬಿದ್ದಾಗೆಲ್ಲ ಒಳಗೊಳಗೇ ಸ್ವಲ್ಪ ಹೆಮ್ಮೆಯಾಗುತ್ತಿತ್ತು. ತಮಾಷೆ ಮಾಡುವವರು ಮಾಡಲಿ, ತನ್ನ ಕೈಯಿಂದ ದಾಟಿ ಹೋದವರು ಆಪರೇಷನ್ ಮೇಜಿನ ಮೇಲೆ ಸಾಯುವುದಿಲ್ಲವಲ್ಲ. ಈಗ ಆ ಹೆಸರು ಕೇಳಿದರೆ ಅಲ್ಲಿಂದ ಬೇಗ ಎದ್ದು ಹೋಗುತ್ತಾಳೆ.

ಇವತ್ತು ಸಂಜೆ ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ. ಅಷ್ಟರೊಳಗೆ ಯಾರಾದರೂ ಅವರಿಗೆ ಹೇಳಲೇಬೇಕು: ಹೊಟ್ಟೆ ತೆರೆದದ್ದು ನಿಜ, ಹೊಲಿದದ್ದು ನಿಜ, ನಡುವೆ ಏನೂ ಆಗಲಿಲ್ಲ. ಕರುಳಿನ ಗಡ್ಡೆ ಎಲ್ಲಿತ್ತೋ ಅಲ್ಲೇ ಇದೆ. ಅದರ ಸುತ್ತ, ಸ್ಕ್ಯಾನಿಗೆ ಕಾಣದಷ್ಟು ಸಣ್ಣದಾಗಿ, ಸಾಸಿವೆ ಚೆಲ್ಲಿದ ಹಾಗೆ ಒಳಗೆಲ್ಲ ಹರಡಿದೆ. ಇನ್ನು ಕೆಲವು ತಿಂಗಳು. ಯಾರಾದರೂ ಎಂದರೆ ಯಾರು ಎಂಬುದನ್ನು ಬೆಳಿಗ್ಗೆ ಗಂಡನೇ ತೀರ್ಮಾನಿಸಿಬಿಟ್ಟಿದ್ದ. ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಅದರೊಳಗೇ ಮಾತಾಡುವವನಂತೆ, ‘ನೀನೇ ಹೇಳಿಬಿಡು. ನಿಂಗೆ ಅಭ್ಯಾಸ ಇದೆ. ನಾನಾದ್ರೆ ಬಾಯಿ ತೆರೆಯೋ ಮುಂಚೆ ಅತ್ತುಬಿಡ್ತೀನಿ’ ಎಂದ. ‘ಅಭ್ಯಾಸ ಇದೆಯಾ ನಂಗೆ?’ ಎಂದು ಅವಳು ಕೇಳಿದ್ದಕ್ಕೆ, ‘ಹಾಗಲ್ಲ, ನಿನ್ನ ಮಾತು ಅಮ್ಮ ಕೇಳ್ತಾಳೆ ಈಗೀಗ’ ಎಂದು ಲೋಟ ತೊಳೆಯಲು ಎದ್ದ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ನಿಂತ. ಅವನ ಬೆನ್ನು ನೋಡಿ ಅವಳಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನಿಸಿತು. ಅಳುವ ಕೆಲಸವನ್ನು ಅವನು ವಹಿಸಿಕೊಂಡಾಗಿತ್ತು, ಉಳಿದದ್ದು ಅವಳ ಪಾಲಿನದು. ಈಗೀಗ, ಅಂದನಲ್ಲ, ಅದು ಮಾತ್ರ ನಿಜ. ಈಗೀಗ ಎಂದರೆ ಆಪರೇಷನ್ನಿಗೆ ಮುಂಚೆ ಅತ್ತೆಯನ್ನು ಕಾಯಿಸಿದ ಆ ಮೂರು ವಾರ.

ಅವಳ ಕೋಣೆ ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲಿ, ಲಾಂಡ್ರಿಯ ಪಕ್ಕದಲ್ಲಿದೆ. ಗೋಡೆಯಾಚೆ ಯಂತ್ರಗಳು ದಿನವಿಡೀ ಗುಡುಗುಡು ಅನ್ನುತ್ತಿರುತ್ತವೆ, ಬಿಸಿ ಬಟ್ಟೆಯ ವಾಸನೆ ಬಾಗಿಲ ಸಂದಿಯಿಂದ ಬರುತ್ತದೆ. ಹೊರಗಿನ ಬೆಂಚಿನಲ್ಲಿ ಅಷ್ಟು ಹೊತ್ತಿಗೇ ಜನ ಕೂತಿದ್ದರು. ಒಳಗೆ ಹೋಗಿ ಚೀಲ ಇಟ್ಟು, ಕ್ಯಾಂಟೀನಿನಿಂದ ತಂದ ಪೇಪರ್ ಕಪ್ಪಿನಲ್ಲಿದ್ದ ಐಸಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡಳು. ಈಚೆಗೆ ಊಟ ಸೇರುವುದಿಲ್ಲ, ಇದೊಂದು ಸೇರುತ್ತದೆ. ಸಿಸ್ಟರ್ ರಿಪೋರ್ಟುಗಳ ಕಟ್ಟು ತಂದಿಟ್ಟು, ‘ಮೇಡಂ, ನಿಮ್ಮ ಅತ್ತೆಯವರದ್ದೂ ಇದೇ ಕಟ್ಟಿನಲ್ಲಿದೆ. ಚೆನ್ನಾಗಿದೆ’ ಎಂದಳು. ಚೆನ್ನಾಗಿದೆ ಎನ್ನುವಾಗ ಅವಳ ದನಿ ತಗ್ಗಿತು. ಇಡೀ ಆಸ್ಪತ್ರೆಗೆ ಗೊತ್ತಿತ್ತು, ಅತ್ತೆಗೊಬ್ಬರಿಗೆ ಗೊತ್ತಿರಲಿಲ್ಲ. ಕಟ್ಟು ಬಿಚ್ಚಿದರೆ ಆರೂ ಮುಕ್ಕಾಲು, ಏಳು ಪಾಯಿಂಟ್ ನಾಲ್ಕು, ಎಂಟು, ಒಂದು ಹತ್ತೊಂಬತ್ತು, ಮತ್ತೆ ಎಂಟು. ಅತ್ತೆಯದು ಹತ್ತು ಪಾಯಿಂಟ್ ಒಂಬತ್ತು. ಆ ಕಟ್ಟಿನಲ್ಲಿ ಅವಳು ಕಣ್ಣು ಮುಚ್ಚಿ ಹೂಂ ಅನ್ನಬಹುದಾಗಿದ್ದ ಅಂಕಿ ಅದೊಂದೇ. ಏಳರಿಂದ ಹತ್ತು ಪಾಯಿಂಟ್ ಒಂಬತ್ತಕ್ಕೆ, ಹನಿ ರಕ್ತ ಏರಿಸದೆ. ಇದನ್ನು ಹೊಸ ಡಾಕ್ಟರುಗಳಿಗೆ ತೋರಿಸಿ ಪಾಠ ಮಾಡಬಹುದಿತ್ತು. ಆ ಕಾಗದವನ್ನು ಅವಳು ಕಟ್ಟಿನ ಅಡಿಗೆ ಹಾಕಿದಳು, ಮತ್ತೆ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು.

ಆ ಸದ್ದು ಶುರುವಾದದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ಗೊತ್ತಾಗುವುದಿಲ್ಲ. ಹಿಂದಿನ ವರ್ಷ ಎಂಬುದು ಮಾತ್ರ ನಿಶ್ಚಯ, ಏಕೆಂದರೆ ಹಿಂದಿನ ವರ್ಷ ಅಡುಗೆಮನೆಗೆ ಬಣ್ಣ ಬಳಿಸಿದ್ದರು, ಹಸಿ ಬಣ್ಣದ ವಾಸನೆಯೂ ಆ ಸದ್ದೂ ಅವಳ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಕಟ್, ಕಟ್, ಕಟ್. ಅತ್ತೆ ಅಕ್ಕಿ ಡಬ್ಬಿಗೆ ಕೈ ಹಾಕಿ, ಹಸಿ ಅಕ್ಕಿ ಬಾಯಿಗೆ ಹಾಕಿಕೊಂಡು, ಕುರ್ಚಿಯಲ್ಲಿ ಕೂತು ಕಡಿಯುತ್ತಿದ್ದರು. ಟೀವಿ ನೋಡುತ್ತ ಕಡಿಯುತ್ತಿದ್ದರು, ಪೇಪರ್ ಓದುತ್ತ ಕಡಿಯುತ್ತಿದ್ದರು. ಡ್ಯೂಟಿ ಮುಗಿಸಿ ಬಂದವಳಿಗೆ ಆ ಸದ್ದು ತಲೆಬುರುಡೆಯೊಳಗೇ ಆಗುತ್ತಿದೆ ಅನಿಸುತ್ತಿತ್ತು. ಅವರಿಬ್ಬರ ನಡುವೆ ಜಗಳ ಅಂತ ಎಂದೂ ಆದದ್ದಿಲ್ಲ, ಆದರೆ ಮುಖ ಕೊಟ್ಟು ಮಾತಾಡಿದ್ದೂ ಕಡಿಮೆ. ಮದುವೆಯಾದ ಹೊಸತರಲ್ಲಿ ಯಾವುದೋ ಮಾತಿಗೆ ಯಾರೋ ನಕ್ಕಿದ್ದರು, ಅಲ್ಲಿಂದ ಶುರು. ಆ ಮಾತು ಯಾವುದೆಂದು ಈಗ ಇಬ್ಬರಿಗೂ ಮರೆತಿದೆ, ಬಿಗುಮಾನ ಮಾತ್ರ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಮನೆಯಲ್ಲೇ ಉಳಿದುಬಿಟ್ಟಿತ್ತು. ಏನಿದ್ದರೂ ಗಂಡನ ಮೂಲಕ. ನಿಮ್ಮಮ್ಮನಿಗೆ ಹೇಳಿ, ಹಲ್ಲು ಹಾಳಾಗುತ್ತೆ ಅಂತ. ಅವನು ಹೇಳಿದ, ಸದ್ದು ನಿಲ್ಲಲಿಲ್ಲ. ಒಂದು ಭಾನುವಾರ ಅವಳೇ ಸ್ಟೂಲು ಹತ್ತಿ ಅಕ್ಕಿ ಡಬ್ಬಿಯನ್ನು ಅತ್ತೆಯ ಕೈಗೆ ಸಿಗದ ಹಾಗೆ ಮೇಲಿನ ಹಲಗೆಗೆ ಇಟ್ಟಳು. ಸದ್ದು ನಿಂತಿತು. ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದಳು. ರಕ್ತ ಸೋರಿ ಮೈಯಲ್ಲಿ ಕಬ್ಬಿಣ ಬರಿದಾದವರು ಅಕ್ಕಿ, ಮಣ್ಣು, ಸುಣ್ಣ, ಕಡಿಯಲು ಸಿಕ್ಕಿದ್ದನ್ನೆಲ್ಲ ಕಡಿಯುತ್ತಾರೆ. ಬೆಂಚಿನ ಮೇಲೆ ಕೂತು ಬರುವ ಪ್ರತಿಯೊಬ್ಬಳನ್ನೂ ಅವಳು ಕೇಳುವ ಮೊದಲ ಪ್ರಶ್ನೆಯೇ ಅದು, ‘ಅಕ್ಕಿಗಿಕ್ಕಿ ತಿನ್ತೀರೇನಮ್ಮಾ?’ ಕೋಟು ಹಾಕಿಕೊಂಡಾಗ ಗೊತ್ತಿದ್ದದ್ದು ಕೋಟು ಬಿಚ್ಚಿದೊಡನೆ ಮರೆತುಹೋಗಿತ್ತು ಎಂದರೆ ಯಾರು ನಂಬುತ್ತಾರೆ. ಒಂದು ಸಲ ಅತ್ತೆ ನೀರಿನ ಲೋಟ ಚಾಚಿದಾಗ ಅಂಗೈ ಕಂಡಿತ್ತು. ಬೆಳ್ಳಗಿತ್ತು. ಒಂದು ಟೆಸ್ಟ್ ಮಾಡಿಸಬೇಕು, ಅಂದುಕೊಂಡಿದ್ದಳು. ಮುಂದಿನ ವಾರ.

‘ನಂಗೇನಾಗಿದೆ ಅಂತ ಕಾಯಿಸ್ತೀರ ಮೇಡಂ?’ ಎಂದು ಎದುರಿಗಿದ್ದವನು ಎರಡನೇ ಸಲ ಕೇಳಿದ. ಬೇಕರಿಯವನು. ಹರ್ನಿಯಾ ಆಪರೇಷನ್ನಿಗೆ ಬಂದವನು, ಹತ್ತೊಂಬತ್ತು ಅವನದೇ. ಒಲೆಯ ಮುಂದೆ ನಿಂತೇ ಹುಟ್ಟಿದವನ ಹಾಗೆ ಮುಖವೆಲ್ಲ ಕೆಂಪು. ‘ರಕ್ತ ಜಾಸ್ತಿ ಇದೆ ನಿಮಗೆ’ ಎಂದಳು. ಅವನು ಹೆಂಡತಿಯ ಕಡೆ ತಿರುಗಿ ಎದೆ ಉಬ್ಬಿಸಿದ. ‘ನೋಡ್ದೇನೇ? ಮನೇಲಿ ದಿನಾ ಬೈತಿದ್ದೆಯಲ್ಲ.’ ಜಾಸ್ತಿ ಇದ್ದರೂ ಕಷ್ಟವೇ, ರಕ್ತ ಮಂದವಾಗಿ ಹೆಪ್ಪುಗಟ್ಟುತ್ತದೆ, ಆಪರೇಷನ್ ಆಗಿ ಮಲಗಿದ್ದಾಗ ಹೃದಯದಲ್ಲೋ ಮಿದುಳಿನಲ್ಲೋ ಸಿಕ್ಕಿಕೊಳ್ಳುತ್ತದೆ, ಏಕೆ ಜಾಸ್ತಿಯಾಗಿದೆ ಎಂದು ನೋಡಬೇಕು, ಸಿಗರೇಟು ಬಿಡಬೇಕು, ಬೇಕಾದರೆ ಒಂದೆರಡು ಬಾಟಲಿ ತೆಗೆದುಹಾಕಬೇಕು ಎಂದು ಅವಳು ಹೇಳುತ್ತಿದ್ದಂತೆ ಅವನ ಎದೆ ಇಳಿಯಿತು. ‘ತೆಗೆದುಹಾಕೋದು ಅಂದ್ರೆ? ಚೆಲ್ಲೋದಾ? ಹೊರಗೆ ಒಬ್ಬಳು ಹುಡುಗಿ ಕೂತಿದಾಳೆ, ಕಾಗದದ ಹಾಗಿದಾಳೆ. ಅವಳಿಗೆ ಕೊಟ್ಟುಬಿಡಿ, ಇಬ್ಬರದ್ದೂ ಇವತ್ತೇ ಮುಗಿದುಹೋಗ್ಲಿ.’ ಹೆಂಡತಿ ಅವನ ತೋಳು ಚಿವುಟಿದಳು. ಮೇಜಿನ ಈಚೆ ಅವಳೂ ನಕ್ಕಳು. ನಗು ಬಂದದ್ದಕ್ಕೆ ನಾಚಿಕೆಯಾಯಿತು. ಜಗತ್ತಿನಲ್ಲಿ ಎಲ್ಲ ಅಷ್ಟು ಸುಲಭವಾಗಿ ಇವರಿಂದ ಅವರಿಗೆ ಹೋಗುವ ಹಾಗಿದ್ದರೆ ಎಂದುಕೊಳ್ಳುತ್ತ, ರಕ್ತದ ಡಾಕ್ಟರನ್ನು ನೋಡಿ ಬರಲು ಬರೆದುಕೊಟ್ಟು, ಮುಂದಿನ ವಾರ ಎಂದಳು. ನಾಲಿಗೆ ತಾನಾಗಿ ಹೇಳಿತು. ಬಾಗಿಲ ಹೊರಗೆ ಅವನು, ‘ಅಲ್ಲವೇ, ಹೆಚ್ಚಿದ್ರೂ ಬೈತಾರೆ, ಕಮ್ಮಿ ಇದ್ರೂ ಬೈತಾರೆ’ ಎಂದು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು.

ಕಬ್ಬಿಣದ ಹನಿ ಹಾಕುವ ಕೋಣೆಯಲ್ಲಿ ಒರಗುಕುರ್ಚಿಗಳಿವೆ. ಬಾಟಲಿಯಲ್ಲಿರುವುದು ಹಳೆಯ ನಲ್ಲಿ ತಿರುಗಿಸಿದಾಗ ಮೊದಲು ಬರುವ ನೀರಿನ ಬಣ್ಣದ್ದು. ‘ಇದೇನೇ, ತುಕ್ಕು ಹತ್ತಿಸ್ತಿದೀಯಾ ನಂಗೆ?’ ಎಂದು ಅತ್ತೆ ಕೇಳಿದ್ದರು. ನೀನು, ಏನೇ ಎಂದು ಅವರು ನೇರವಾಗಿ ಕರೆದದ್ದು ಎಷ್ಟೋ ವರ್ಷಗಳ ಮೇಲೆ. ಅದಕ್ಕೆ ಮುಂಚೆ, ಗಡ್ಡೆ ಪತ್ತೆಯಾದ ದಿನ, ಸರ್ಜನ್ ಈ ಕೆಳಗಿನ ಕೋಣೆಗೇ ಬಂದು, ‘ರಕ್ತ ಏರಿಸಿ ಈ ವಾರವೇ ಮಾಡಿಬಿಡೋಣ, ಕಾಯೋದು ಯಾಕೆ?’ ಎಂದಿದ್ದರು. ಅವಳು ಬಿಟ್ಟುಕೊಡಲಿಲ್ಲ. ಗಡ್ಡೆಯಿರುವವರಿಗೆ ಬೇರೆಯವರ ರಕ್ತ ಆದಷ್ಟೂ ಬೇಡ, ಕಬ್ಬಿಣ ಕೊಟ್ಟರೆ ಅವರದೇ ರಕ್ತ ಬೆಳೆಯುತ್ತದೆ, ಮೂರು ವಾರ ಸಾಕು, ಸ್ಕ್ಯಾನಿನಲ್ಲಿ ಹರಡಿದ್ದು ಕಾಣುತ್ತಿಲ್ಲವಲ್ಲ ಎಂದು ವಾದಿಸಿದಳು. ಪುಸ್ತಕದಲ್ಲಿರುವುದನ್ನೇ ಹೇಳಿದ್ದಳು, ಯಾವ ರೋಗಿಯಾಗಿದ್ದರೂ ಅದನ್ನೇ ಹೇಳುತ್ತಿದ್ದಳು. ಅದೇ ಈಗ ಸಂಕಟ. ತಪ್ಪು ಮಾಡಿದೆ ಎಂದು ಬಾಯಿ ಬಿಟ್ಟು ಅಳುವ ಹಾಗೂ ಇಲ್ಲ. ಹನಿ ಬೀಳುವಷ್ಟು ಹೊತ್ತೂ ಅವಳು ಐಸಿನ ಕಪ್ಪು ಹಿಡಿದು ಅತ್ತೆಯ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಮೊದಲ ದಿನ ಆ ತುಕ್ಕಿನ ಮಾತೊಂದು ಬಿಟ್ಟರೆ ಇಬ್ಬರೂ ಬಾಟಲಿ ನೋಡುತ್ತ ಕೂತಿದ್ದರು. ಆಮೇಲೆ ಯಾವಾಗಲೋ ಅತ್ತೆ, ‘ಅದು ಹ್ಯಾಗೆ ಕಣ್ಣು ಎಳೆದು ನೋಡಿ ಹೇಳ್ತೀಯೇ? ನಂಗೂ ಹೇಳಿಕೊಡು’ ಎಂದರು. ಅವಳು ಹೇಳಿಕೊಟ್ಟಳು. ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆತ್ತಗೆ ಕೆಳಗೆ ಎಳೆಯಬೇಕು, ಅಂಚಿನ ಕೆಂಪನ್ನೂ ಒಳಗಿನ ಕೆಂಪನ್ನೂ ಹೋಲಿಸಬೇಕು, ಎರಡೂ ಒಂದೇ ಆಗಿ ಮಾಸಿದ್ದರೆ ಕಡಿಮೆ. ಅಷ್ಟೇ ಸಾಕಾಯಿತು. ಅಕ್ಕಪಕ್ಕದ ಕುರ್ಚಿಯವರ ರೆಪ್ಪೆಯನ್ನೆಲ್ಲ ಅತ್ತೆ ಎಳೆದು ನೋಡಿ ಅಂಕಿ ಹೇಳತೊಡಗಿದರು. ಸಿಸ್ಟರ್ ರಿಪೋರ್ಟ್ ತಂದಾಗ, ‘ನೋಡು, ನಾನು ಎಂಟು ಅಂದಿದ್ದೆ, ಎಂಟು ಕಾಲು ಬಂದಿದೆ. ನಿನ್ನ ಯಂತ್ರ ಮಾರಿಬಿಡು’ ಎಂದು ಹಿಗ್ಗಿದರು. ತಮ್ಮದು ಏಳರಿಂದ ಎಂಟೂವರೆಯಾದ ದಿನ ಮಗನಿಗೆ ಫೋನ್ ಮಾಡಿ, ಪರೀಕ್ಷೆ ಪಾಸಾದವರ ಹಾಗೆ ಹೇಳಿಕೊಂಡರು. ಕೆನ್ನೆಗೆ ಬಣ್ಣ ಬಂತು. ಒಂದು ಮಧ್ಯಾಹ್ನ ನಿದ್ದೆಗಣ್ಣಿನಲ್ಲಿ ಅವಳ ಕೈಯನ್ನು ಕೈಯಲ್ಲಿ ತೆಗೆದುಕೊಂಡು, ‘ಎಷ್ಟು ತಣ್ಣಗಿದೆಯೇ’ ಎಂದು ಹಿಡಿದುಕೊಂಡೇ ಮಲಗಿದರು. ಅವಳು ಅಲ್ಲಾಡದೆ ಕೂತಿದ್ದಳು. ತನ್ನ ತಾಯಿ ಹೋದಮೇಲೆ ಅವಳು ಅಷ್ಟು ಸುಖವಾಗಿ ಎಲ್ಲೂ ಕೂತಿರಲಿಲ್ಲ. ಆ ಹೊತ್ತಿನಲ್ಲೇ ಒಳಗೆ ಸಾಸಿವೆ ಹರಡುತ್ತಿತ್ತೇ, ಅಥವಾ ಅದಕ್ಕೂ ಮುಂಚೆಯೇ ಹರಡಿ ಮುಗಿದಿತ್ತೇ, ಹೇಳುವವರು ಯಾರೂ ಇಲ್ಲ.

ಬೇಕರಿಯವನು ಹೇಳಿದ ಹುಡುಗಿ ಬಂದಳು. ಹೊಲಿಗೆ ಕೆಲಸದವಳು, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಗರ್ಭಕೋಶದಲ್ಲಿ ಗಂಟು, ತಿಂಗಳಲ್ಲಿ ಅರ್ಧದಷ್ಟು ದಿನ ರಕ್ತ ಹೋಗುತ್ತದೆ, ಏಳು ಪಾಯಿಂಟ್ ನಾಲ್ಕು. ಇದಕ್ಕೆ ಮುಂಚೆ ಎರಡು ಸಲ ಅವಳನ್ನು ವಾಪಸು ಕಳಿಸಿಯಾಗಿತ್ತು. ‘ಮಾತ್ರೆ ನುಂಗಿದ್ರೆ ವಾಂತಿ ಬರುತ್ತೆ ಮೇಡಂ. ನಾನು ಹೇಳಿದ್ರೆ ನೀವು ಬೈತೀರ ಅಂತ ಹೇಳಲಿಲ್ಲ’ ಎಂದು ಹುಡುಗಿ ನೆಲ ನೋಡುತ್ತ ಹೇಳಿದಳು. ‘ನಂಗೆ ಕಾಯೋಕಾಗಲ್ಲ. ನನ್ನ ಅಕ್ಕ ರಜಾ ಹಾಕಿ ಬಂದಿದಾಳೆ, ಮತ್ತೆ ಅವಳಿಗೆ ರಜಾ ಸಿಗಲ್ಲ. ಮನೆಯಲ್ಲಿ ನೋಡೋರಿಲ್ಲ. ಈ ಸಲ ಬಿಟ್ಟುಬಿಡಿ ಮೇಡಂ, ಏನಾದ್ರೂ ಆದ್ರೆ ನನ್ನ ಹಣೆಬರಹ.’ ಕಾಯಲಿಕ್ಕಾಗುವುದಿಲ್ಲ ಎಂಬ ಮಾತು ಅವಳೊಳಗೆ ಎಲ್ಲೋ ಹೋಗಿ ತಾಕಿತು. ಮೂರು ವಾರ ಕಾಯಿಸಿ ಏನು ಸಿಕ್ಕಿತು? ಕೆಂಪು ಕೆನ್ನೆ. ತನ್ನ ಈ ಅಂಕಿಗಳಿಗೆ, ಈ ಊಹೂಂಗೆ, ಇಷ್ಟು ವರ್ಷ ತಾನು ಕಟ್ಟಿಕೊಂಡ ಈ ಹೆಸರಿಗೆ ಒಮ್ಮೆಲೇ ಅಸಹ್ಯವಾಗಿ, ಪೆನ್ನು ತೆಗೆದು ‘ಫಿಟ್’ ಎಂದು ಬರೆದು ಸಹಿ ಹಾಕಿದಳು. ಹುಡುಗಿ ನಂಬದವಳಂತೆ ಕಾಗದ ನೋಡಿ, ಅದನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದಳು. ಸಿಸ್ಟರ್ ಆ ರಿಪೋರ್ಟನ್ನು ಮೇಜಿನ ಮೇಲೆ ನೇರ ಮಾಡಿ ಇಟ್ಟಳು.

ಮುಂದಿನ ಇಬ್ಬರು ರೋಗಿಗಳು ಏನು ಹೇಳಿದರೋ ಅವಳ ತಲೆಗೆ ಹೋಗಲಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಈಚೆಗೆ ಕೂತಲ್ಲೇ ಹಾಗಾಗುತ್ತದೆ, ಇದು ಪಾಪದ ಬಡಿತ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು. ಗಂಟು ತೆಗೆಯುವಾಗ ರಕ್ತ ಸುರಿಯುತ್ತದೆ. ಏಳು ಪಾಯಿಂಟ್ ನಾಲ್ಕರಲ್ಲಿ ಸುರಿದರೆ ಉಳಿಯುವುದೆಷ್ಟು ಎಂದು ಅವಳಿಗೆ ಲೆಕ್ಕ ಬರುತ್ತದೆ. ಆ ಹುಡುಗಿ ಎದೆಗೆ ಒತ್ತಿಕೊಂಡ ಕಾಗದದಲ್ಲಿ ತಾನು ಬರೆದದ್ದು ಕನಿಕರವಲ್ಲ, ತನ್ನ ಮೇಲಿನ ಸಿಟ್ಟು. ಎದ್ದು ಹೊರಗೆ ಹೋದಳು. ಮೊದಲ ಮಹಡಿಯ ಮೆಟ್ಟಿಲಿನಲ್ಲಿ ಉಸಿರು ಕಟ್ಟಿ, ಗೋಡೆ ಹಿಡಿದು ನಿಂತು ಮತ್ತೆ ಹತ್ತಿದಳು. ಅಡ್ಮಿಷನ್ ಕೌಂಟರಿನ ಸಾಲಿನಲ್ಲಿ ಅಕ್ಕತಂಗಿ ನಗುತ್ತ ನಿಂತಿದ್ದರು. ‘ಆ ಕಾಗದ ಕೊಡಮ್ಮ’ ಎಂದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ‘ಯಾಕೆ ಮೇಡಂ?’ ‘ತಪ್ಪಾಗಿ ಬರೆದುಬಿಟ್ಟೆ. ಮಾತ್ರೆ ಬೇಡ, ನಾಳೆಯಿಂದಲೇ ನರಕ್ಕೆ ಹನಿ ಹಾಕ್ತೀನಿ. ರಕ್ತ ಹೋಗೋದು ನಿಲ್ಲೋಕೂ ಔಷಧಿ ಬರೆಸ್ತೀನಿ. ಬೇಗ ಏರುತ್ತೆ. ನಿನ್ನ ಅಕ್ಕನ ಆಫೀಸಿಗೆ ನಾನೇ ಫೋನ್ ಮಾಡ್ತೀನಿ.’ ಹುಡುಗಿಯ ಮುಖದಲ್ಲಿ ಇದ್ದಷ್ಟು ರಕ್ತವೂ ಇಳಿಯಿತು. ಅಕ್ಕ ಮುಂದೆ ಬಂದು, ‘ಆಟ ಆಡ್ತಿದೀರೇನ್ರೀ? ಒಂದು ಗಂಟೆ ಹಿಂದೆ ಸರಿ ಇದ್ದವಳು ಈಗ ಹ್ಯಾಗೆ ಕೆಟ್ಟುಹೋದ್ಲು?’ ಎಂದು ಕೂಗಿದಳು. ಸಾಲಿನಲ್ಲಿ ಯಾರೋ, ‘ಇವರೇ ಮುಂದಿನ ವಾರ’ ಎಂದರು, ಯಾರೋ ಕಿಸಕ್ಕನೆ ನಕ್ಕರು. ಅವಳು ಅಲ್ಲೇ ಕೌಂಟರಿನ ಮೇಲೆ ಕಾಗದ ಇಟ್ಟು, ತಾನು ಬರೆದದ್ದನ್ನು ಎಲ್ಲರೆದುರು ಹೊಡೆದುಹಾಕಿದಳು. ಪಕ್ಕದಲ್ಲಿ ಮತ್ತೆ ಸಹಿ ಹಾಕಿದಳು.

ಅಲ್ಲಿಂದ ಕೆಳಗೆ ಇಳಿಯುವ ಬದಲು ಮೇಲೆ ಹತ್ತಿದಳು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಗೊತ್ತಿತ್ತು. ವಾರ್ಡಿನ ಬಾಗಿಲಲ್ಲಿ ಸರ್ಜನ್ ಸಿಕ್ಕರು. ಒಳ್ಳೆಯ ಮನುಷ್ಯ, ಅದಕ್ಕೇ ಅವರ ಕಣ್ಣು ತಪ್ಪಿಸುತ್ತಿದ್ದಳು. ಹೊಟ್ಟೆ ತೆರೆದ ದಿನ ಅವಳು ಅತ್ತೆಯ ತಲೆಯ ಹತ್ತಿರ ನಿಂತಿದ್ದಳು. ಅವರು ಒಳಗೆ ಕೈ ಹಾಕಿ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಮಾಸ್ಕಿನ ಮೇಲಿಂದ ಅವಳನ್ನು ನೋಡಿದ್ದರು. ಎಲ್ಲ ಆ ನೋಟದಲ್ಲೇ ಮುಗಿದಿತ್ತು. ಅತ್ತೆಯ ತುಟಿ ಆಗಲೂ ಕೆಂಪಗಿತ್ತು, ಪರದೆಯ ಮೇಲೆ ಅಂಕಿಗಳೆಲ್ಲ ಅಚ್ಚುಕಟ್ಟಾಗಿದ್ದವು. ‘ಮೂರು ವಾರದಲ್ಲಿ ಆದದ್ದಲ್ಲ ಅದು’ ಎಂದರು ಈಗ, ಕೇಳದೆಯೇ. ‘ಅಷ್ಟು ಹರಡೋಕೆ ತಿಂಗಳುಗಟ್ಟಲೆ ಬೇಕು. ನೀವು ಕಾಯಿಸದಿದ್ರೂ ನಾನು ಹೊಲಿದೇ ಬರ್ತಿದ್ದೆ.’ ‘ತಿಂಗಳುಗಟ್ಟಲೆ’ ಎಂದಳು ಅವಳು. ಅವರು ಸಮಾಧಾನಕ್ಕೆ ಹೇಳಿದ ಮಾತು ನೇರ ಅಕ್ಕಿ ಡಬ್ಬಿಗೆ ಹೋಗಿ ಬಡಿಯಿತು ಎಂದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು. ಮೂರು ವಾರ ಅಲ್ಲ ಎಂದಾದರೆ ಒಂದು ವರ್ಷ.

ಅತ್ತೆ ತಲೆ ಬಾಚಿಕೊಂಡು, ಮನೆಯ ಸೀರೆ ಉಟ್ಟು, ಕಟ್ಟಿದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ಕೆನ್ನೆ ಕೆಂಪಗೆ ಹೊಳೆಯುತ್ತಿತ್ತು. ಪಕ್ಕದ ಮಂಚದಾಕೆ, ‘ನಿಮ್ಮತ್ತೆ ನಮಗೆಲ್ಲ ಹೊಟ್ಟೆಕಿಚ್ಚು ಬರೋ ಹಾಗೆ ಕಾಣ್ತಿದಾರೆ ನೋಡಿ ಡಾಕ್ಟ್ರೆ, ಎಂಥಾ ಕಳೆ ಬಂದಿದೆ’ ಎಂದಳು. ಅವಳು ಪರದೆ ಎಳೆದಳು. ‘ಎಷ್ಟು ಬಂತು?’ ಎಂದರು ಅತ್ತೆ ಮೊದಲ ಮಾತಿಗೇ. ಜೇಬಿನಿಂದ ಕಾಗದ ತೆಗೆದು ಕೊಟ್ಟಳು.

‘ಹತ್ತು ಪಾಯಿಂಟ್ ಒಂಬತ್ತು.’

‘ಹನ್ನೊಂದು ಅನ್ನು. ಇಷ್ಟಕ್ಕೆಲ್ಲ ಏನು ಜಿಪುಣತನ ನಿಂಗೆ?’

ಅವಳು ನಗಲಿಲ್ಲ. ಅತ್ತೆ ಕಾಗದವನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟರು, ಮತ್ತೆ ನೆನಪಾಗಿ ತೆಗೆದು ಚೀಲಕ್ಕೆ ಹಾಕಿದರು. ‘ನಿಂತೇ ಇದೀಯಲ್ಲ, ಕೂತ್ಕೋ. ಅಂಕಿ ಹೇಳೋಕೆ ನೀನು ಇಷ್ಟು ಮೆಟ್ಟಿಲು ಹತ್ತಿ ಬರೋಳಲ್ಲ.’

‘ಅತ್ತೆ, ಗಡ್ಡೆ ತೆಗೆಯೋಕೆ ಆಗಲಿಲ್ಲ. ಒಳಗೆ ಹರಡಿತ್ತು. ಹಾಗೇ ಹೊಲಿದ್ರು.’ ಎಷ್ಟೋ ಜನರಿಗೆ ಎಷ್ಟೋ ಸುದ್ದಿ ಹೇಳುವಾಗ ಬಳಸುವ ಮೆತ್ತನೆಯ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಹೇಳಿದ್ದು ಅಷ್ಟೇ. ಪರದೆಯಾಚೆ ಯಾರೋ ಚಮಚದಿಂದ ಲೋಟ ಕಲಕುತ್ತಿದ್ದರು. ಅತ್ತೆ ಸೀರೆಯ ಅಂಚಿನ ಒಂದು ಬಿಟ್ಟ ಎಳೆಯನ್ನು ಎಳೆಯುತ್ತಿದ್ದರು, ಅದು ಬರಲಿಲ್ಲ.

‘ಆ ಡಾಕ್ಟ್ರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗ್ತಿದ್ದ’ ಎಂದರು ಕೊನೆಗೆ. ‘ಕೆಲಸ ಆಗಿದ್ರೆ ಹತ್ತಿರ ಬಂದು ಹೊಲಿಗೆ ನೋಡಿ ಹಿಗ್ಗಿ ಹೋಗ್ತಿದ್ದ. ಆಗ್ಲೇ ಅನ್ನಿಸ್ತು. ಮಗನೂ ಕೂತ್ಕೊಳ್ಳೋನಲ್ಲ, ಬಂದ್ರೆ ಕಿಟಕಿ ಹತ್ರ ನಿಲ್ತಾನೆ. ಎಲ್ರೂ ನನ್ನ ಕಳೆ ನೋಡಿ ಹೊಗಳೋರೇ.’ ಎಳೆಯನ್ನು ಬಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ‘ಭಯ ಆಗ್ತಿದೆ ಕಣೇ’ ಎಂದರು. ದನಿ ತೀರ ಸಣ್ಣದಾಗಿತ್ತು. ಅವಳು ಪಕ್ಕದಲ್ಲಿ ಕೂತಳು. ಏನು ಮಾಡಬೇಕೆಂದು ತಿಳಿಯದೆ ಚೀಲವನ್ನು ಸ್ವಲ್ಪ ಆಚೆ ಸರಿಸಿದಳು.

‘ಅಕ್ಕಿ ತಿಂತಿದ್ರಲ್ಲ ನೀವು, ಆಗ್ಲೇ ನಂಗೆ ಗೊತ್ತಾಗ್ಬೇಕಿತ್ತು’ ಎಂದಳು. ‘ನಾನು ಡಬ್ಬಿ ಎತ್ತಿ ಮೇಲಿಟ್ಟೆ.’

ಹಾಗೇನಿಲ್ಲ ಬಿಡು ಎನ್ನುತ್ತಾರೆ ಎಂದುಕೊಂಡಿದ್ದಳು. ಹಾಗನ್ನಲಿ ಎಂದೇ ಹೇಳಿದ್ದಳೇನೋ. ಅತ್ತೆ ಅವಳ ಕಡೆ ತಿರುಗಿ, ಯೋಚಿಸಿ, ‘ಹೌದು, ನಿಂಗೆ ಗೊತ್ತಾಗ್ಬೇಕಿತ್ತು’ ಎಂದರು. ‘ನಾನೂ ಹೇಳ್ಬೇಕಿತ್ತು. ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ತಿತ್ತು, ಕಣ್ಣು ಕತ್ತಲೆ ಬರ್ತಿತ್ತು. ಒಂದಿನ ಹೇಳೋಣ ಅಂತ ನಿನ್ನ ಕೋಣೆ ಬಾಗಿಲವರೆಗೂ ಬಂದೆ. ಆ ಬೆಳಿಗ್ಗೆ ತಾನೇ ಡಬ್ಬಿ ಮೇಲೆ ಹೋಗಿತ್ತು. ಇವಳಿಗ್ಯಾಕೆ ಹೇಳ್ಬೇಕು ಅಂತ ವಾಪಸು ಹೋದೆ. ಒಂದು ಡಬ್ಬಿ ಕಣೇ. ಅಲ್ಯೂಮಿನಿಯಂ ಡಬ್ಬಿ.’ ಅತ್ತೆಗೆ ನಗು ಬಂತು, ನಕ್ಕರೆ ಹೊಲಿಗೆ ನೋಯುತ್ತದೆ ಎಂದು ಹೊಟ್ಟೆ ಹಿಡಿದುಕೊಂಡರು. ನಗುತ್ತಿದ್ದವರು ಯಾವಾಗ ಅಳತೊಡಗಿದರೋ ಅವಳಿಗೆ ಗೊತ್ತಾಗಲಿಲ್ಲ. ಇಬ್ಬರೂ ಒಬ್ಬರ ಭುಜಕ್ಕೆ ಒಬ್ಬರು ಒರಗದೆ, ಒಂದೇ ಮಂಚದ ಅಂಚಿನಲ್ಲಿ ಪಕ್ಕಪಕ್ಕ ಕೂತು ಅತ್ತರು.

ಮೊದಲು ಸುಧಾರಿಸಿಕೊಂಡವರು ಅತ್ತೆಯೇ. ಸೆರಗಿನಿಂದ ಮುಖ ಒರೆಸಿಕೊಂಡು, ‘ಕನ್ನಡಕ ತೆಗಿ’ ಎಂದರು. ಕಣ್ಣೊರೆಸುತ್ತಾರೆ ಎಂದುಕೊಂಡು ಅವಳು ತೆಗೆದಳು. ಅತ್ತೆ ಅವಳ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಮೆತ್ತಗೆ, ಅವಳೇ ಹೇಳಿಕೊಟ್ಟ ಹಾಗೆ, ಎಳೆದರು. ಬಹಳ ಹೊತ್ತು ನೋಡಿದರು.

‘ಏಳೂವರೆ’ ಎಂದರು. ‘ಎಂಟು ದಾಟಿದ್ರೆ ನನ್ನ ಕಿವಿ ಹಿಂಡು.’

‘ಅತ್ತೆ, ಈಗ ನಂದೇನು ಬಿಡಿ...’

‘ಅಲ್ಲಿ ಹನಿ ಹಾಕ್ಸಿಕೊಂಡು ಮಲಗಿದ್ದಾಗ ದಿನಾ ಕೇಳಿಸ್ಕೊಂಡಿದೀನಿ. ಆ ಐಸು. ಕಟ್, ಕಟ್, ಕಟ್. ನಾನು ಅಕ್ಕಿ ಕಡಿದ ಹಾಗೇ. ಕೈ ಹಿಡ್ಕೊಂಡ್ರೆ ಮಂಜುಗಡ್ಡೆ. ಅವತ್ತೇ ಗೊತ್ತಾಯ್ತು ನಂಗೆ. ಅವತ್ತೇ ಹೇಳ್ಬೇಕಿತ್ತು.’ ಅತ್ತೆ ತಡೆದು, ಉಗುಳು ನುಂಗಿ, ‘ನನ್ನ ಆಪರೇಷನ್ ಒಂದು ಮುಗೀಲಿ, ಮನೆಗೆ ಹೋಗಿ ಮುಂದಿನ ವಾರ ಹೇಳೋಣ ಅಂದ್ಕೊಂಡೆ’ ಎಂದರು.

ಬಸ್ಸಿನ ಹೆಂಗಸಿನ ಅಂಗೈ, ಗೋಡೆ ಹಿಡಿದು ನಿಂತ ಮೆಟ್ಟಿಲು, ಎದೆಯ ಡವಡವ, ಎಲ್ಲ ಅವಳಿಗೆ ಒಂದರ ಹಿಂದೊಂದು ನೆನಪಾದವು. ಆ ಹೆಬ್ಬೆರಳಿನ ಕೆಳಗಿನಿಂದ ನೀರು ಹರಿದು ಅತ್ತೆಯ ಮಣಿಕಟ್ಟಿಗೆ ಇಳಿಯಿತು. ಬೆರಳು ಒದ್ದೆಯಾದರೂ ಅತ್ತೆ ರೆಪ್ಪೆ ಬಿಡಲಿಲ್ಲ.

‘ಈಗ್ಲೇ ಕೆಳಗೆ ಹೋಗಿ ಟೆಸ್ಟಿಗೆ ರಕ್ತ ಕೊಟ್ಟು ಬಾ’ ಎಂದರು. ‘ನಿನ್ನ ಗಂಡ ಸಂಜೆ ಬರೋವರೆಗೂ ನಾನೇನೂ ಎಲ್ಲೂ ಹೋಗಲ್ಲ. ಎಷ್ಟು ಬಂತು ಅಂತ ಕೇಳಿಕೊಂಡೇ ಮನೆಗೆ ಹೋಗೋದು.’